ಮಣಿಕಟ್ಟಿನ ಮಚ್ಚೆ

ಮಸ್ಕಿಯ ಹಾಜಿರಾಬೀ ಬಳೆ ತೊಡಿಸಲು ಕುಳಿತಳೆಂದರೆ ಅವಳ ಕಣ್ಣು ಮೊದಲು ಬಳೆಯ ಮೇಲೆ ಹೋಗುತ್ತಿರಲಿಲ್ಲ. ಕೈಯ ಮೇಲೆ ಹೋಗುತ್ತಿತ್ತು. ಎದುರು ಕುಳಿತ ಹೆಣ್ಣುಮಗಳ ಹಸ್ತವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಅಮುಕಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಆ ಕೈ ಎಲ್ಲಿ ಬಾಗುತ್ತದೆ, ಎಲ್ಲಿ ಹಟ ಹಿಡಿಯುತ್ತದೆ ಎಂಬುದನ್ನು ಅರಿತ ಮೇಲೆಯೇ ಅವಳು ಬಳೆಯ ಮಲಾರದ ಗಂಟು ಬಿಚ್ಚುತ್ತಿದ್ದಳು. ಸೀಮೆಯೆಲ್ಲ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ ಆ ಕಾಲದಲ್ಲಿ ಮಸ್ಕಿಯಿಂದ ಸಿಂಧನೂರಿನವರೆಗೆ, ಅಲ್ಲಿಂದ ಆಚೆ ಸಾಲಗುಂದದವರೆಗೆ, ಅವಳಿಗೆ ಕೈ ಕೊಡದ ಮುತ್ತೈದೆಯರು ವಿರಳ. ಯಾರು ಬಸುರಿ, ಯಾರ ಮನೆಯಲ್ಲಿ ಒಲೆ ಸರಿಯಾಗಿ ಉರಿಯುತ್ತಿಲ್ಲ, ಯಾರು ರಾತ್ರಿಯೆಲ್ಲ ಅತ್ತಿದ್ದಾರೆ ಎಂಬುದು ಕೈ ಹಿಡಿದೊಡನೆ ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಮುಂದಿನ ಮನೆಯ ಕಟ್ಟೆಗೆ ಒಯ್ಯುವ ಚಾಳಿ ಅವಳಿಗಿರಲಿಲ್ಲ. ಅದರಿಂದಲೇ ಎಲ್ಲ ಜಾತಿಯ ಮನೆಗಳ ಪಡಸಾಲೆಯಲ್ಲೂ ಅವಳಿಗೊಂದು ಚಾಪೆ ಹಾಸುತ್ತಿದ್ದರು.

ಆ ಚಾಪೆಗಳಲ್ಲೆಲ್ಲ ಅವಳಿಗೆ ಹೆಚ್ಚು ಹಿತವಾದದ್ದು ಅಮರಮ್ಮನ ಮನೆಯದು. ಅಮರಮ್ಮ ಮಸ್ಕಿಯ ಒಕ್ಕಲಿಗ ಲಾಲಪ್ಪನ ಹೆಂಡತಿ. ಇಬ್ಬರೂ ಒಂದೇ ಬೇಸಿಗೆಯಲ್ಲಿ ಸೊಸೆಯರಾಗಿ ಈ ಊರಿಗೆ ಬಂದವರು; ಹಳ್ಳದ ಒರತೆಯ ಬಳಿ ಕೊಡ ತುಂಬುವಾಗ ಬೆಳೆದ ಗೆಳೆತನ ತಲೆ ನರೆತರೂ ಸವೆದಿರಲಿಲ್ಲ. ಎರಡು ವರ್ಷ ಹಿರಿಯಳೆಂಬ ಕಾರಣಕ್ಕೆ ಹಾಜಿರಾಬೀ ಅವಳನ್ನು ಅಕ್ಕಾ ಎನ್ನುತ್ತಿದ್ದಳು, ಆ ನಂಟಿನಿಂದಲೇ ಲಾಲಪ್ಪನನ್ನು ಮಾವಾ ಎಂದು ಕರೆದು ಕಾಡುತ್ತಿದ್ದಳು.

ನಾಗರ ಪಂಚಮಿಯ ಮುಂಚಿನ ಮಾತು. ಹಾಜಿರಾಬೀ ಮಲಾರ ಇಳಿಸಿ ಕುಳಿತಳು. ಅಮರಮ್ಮ ಎಡಗೈಯನ್ನು ಅರ್ಧವಷ್ಟೇ ಚಾಚಿದಳು.

"ಹಳೆ ಬಳಿ ಒಂದೂ ತಗೀಬ್ಯಾಡ. ಮ್ಯಾಲೆ ಇನ್ನೊಂದು ನಾಕು ಹಸರು ಏರಸು."

"ಇನ್ನೂ ಏರಸಬೇಕಾ? ಮೊಳಕೈತನಕ ತುಂಬಿದಿ. ಮದುಮಗಳೂ ಇಷ್ಟು ಇಡಸ್ಕೊಳ್ಳಾದಿಲ್ಲ. ಮಾವ ಏನರ ಎರಡನೇ ಲಗ್ನಾ ಮಾಡ್ಕೊಳ್ಳಾಕತ್ತಾನೇನು ನಿನ್ನ?"

"ಮಾಡ್ಕೊಂಡ್ರ ನಿನ್ನ ಕರೀದ ಮಾಡ್ಕೊಳ್ಳಾದಿಲ್ಲ. ಮಾತು ಕಡಿಮಿ ಮಾಡು, ಕೈ ಹಿಡಿ."

ಹಾಜಿರಾಬೀ ನಕ್ಕು ಕೈ ಹಿಡಿದಳು. ಹೊಸ ಬಳೆಗಳಿಗೆ ಎಡೆ ಮಾಡಬೇಕೆಂದು, ಮಣಿಕಟ್ಟಿನ ಮೇಲೆ ಒತ್ತಾಗಿ ನಿಂತಿದ್ದ ಹಳೆಯ ಬಳೆಗಳನ್ನು ರೂಢಿಯ ಪ್ರಕಾರ ಒಮ್ಮೆಲೇ ಹಿಂದಕ್ಕೆ ಸರಿಸಿದಳು. ಗಾಜಿನ ಆ ಸಾಲು ಸರಿದೊಡನೆ ಕೆಳಗೊಂದು ಕಪ್ಪು ಕಲೆ ಕಾಣಿಸಿತು. ಅರಗಿನ ಬಳೆ ತೊಟ್ಟವರ ಕೈಗೆ ಬಿಸಿಲಿನ ಬೇಗೆಗೆ ಅರಗು ಕರಗಿ ಅಂಟುವುದುಂಟು. ಬಳೆಗಾರ್ತಿಯ ಕಣ್ಣಿಗೆ ಅದು ಅರಗಲ್ಲದೆ ಬೇರೆ ಏನಾಗಿ ಕಂಡೀತು?

"ಇದೇನಕ್ಕಾ, ಅರಗು ಹತ್ತೈತಿ. ನನ್ನ ಕಣ್ಣು ತಪ್ಪಿಸಿ ಯಾರ ಹಂತ್ಯಾಕ ಅರಗಿನ ಬಳಿ ಇಡಸ್ಕೊಂಡಿದ್ದಿ?" ಎನ್ನುತ್ತ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಆ ಕಲೆಯನ್ನು ತಿಕ್ಕಿದಳು. ಅದು ಜಗ್ಗಲಿಲ್ಲ. ಉಗುರಿನ ತುದಿಯಿಂದ ಮೆಲ್ಲನೆ ಕೆರೆದಳು. ಕೆರೆದ ಕಡೆ ರಕ್ತ ಒಸರಿತು.

ಅಮರಮ್ಮ ಕೈ ಕಸಿದುಕೊಂಡು ಸೆರಗಿನಲ್ಲಿ ಮುಚ್ಚಿದಳು. ಹಾಜಿರಾಬೀ ತನ್ನ ಉಗುರನ್ನು ನೋಡಿಕೊಂಡಳು. ಎಷ್ಟೋ ವರ್ಷಗಳಿಂದ ಹಿಡಿದ ಕೈ ಅದು. ಅಲ್ಲೊಂದು ಮಚ್ಚೆ ಇದ್ದದ್ದು ಅವಳಿಗೆ ಗೊತ್ತಿತ್ತು, ಎಳ್ಳಿನ ಕಾಳಿನಷ್ಟು, ನುಣ್ಣಗೆ, ಚಂದಕ್ಕೆಂದು ಯಾರೋ ಇಟ್ಟ ಚುಕ್ಕೆಯಂತೆ. ಆ ಮಚ್ಚೆಯನ್ನೇ ಇಂದು ಅವಳು ಅರಗೆಂದು ತಿಳಿದಿದ್ದಳು. ಅಷ್ಟರಮಟ್ಟಿಗೆ ಅದು ತನ್ನ ರೂಪ ಬಿಟ್ಟಿತ್ತು.

"ಅಕ್ಕಾ, ಕೈ ಕೊಡು."

"ಏನಿಲ್ಲ ಬಿಡು ಅದು."

"ಏನಿಲ್ಲಂದ್ರ ತೋರಸಾಕ ಏನು?"

ಗೆಳತಿಯ ದನಿ ಗಟ್ಟಿಯಾದದ್ದನ್ನು ಕಂಡು ಅಮರಮ್ಮ ಕೈ ಕೊಟ್ಟಳು. ಹಾಜಿರಾಬೀ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಮಚ್ಚೆ ತೊಗರಿಕಾಳನ್ನು ಮೀರಿ ಬೆಳೆದಿತ್ತು. ಒಂದು ಮಗ್ಗುಲು ಮಸಿಯಂತೆ ಕಪ್ಪು; ಇನ್ನೊಂದು ಮಗ್ಗುಲು ಸುಟ್ಟ ಇಟ್ಟಿಗೆಯ ಬಣ್ಣ. ಅಂಚು, ಇಲಿ ಕಡಿದ ಬಟ್ಟೆಯಂತೆ, ಅಲ್ಲಲ್ಲಿ ಹರಿದು ಸುತ್ತಲಿನ ತೊಗಲಿನೊಳಗೆ ಹಬ್ಬಿತ್ತು.

"ಎಂದಿನಿಂದ ಹಿಂಗೈತಿ?"

ಅಮರಮ್ಮ ಸೆರಗಿನ ತುದಿಯಿಂದ ರಕ್ತ ಒರೆಸಿಕೊಂಡಳು. "ನಾನು ಈ ಮನಿಗೆ ಬಂದಾಗ ನಮ್ಮ ಅತ್ತಿ ಮುದುಕವ್ವ ಈ ಮಚ್ಚಿ ನೋಡಿ ಹಿರಿ ಹಿರಿ ಹಿಗ್ಗಿದ್ಲು. ಎಡಗೈ ಮಣಿಕಟ್ಟಿನ ಮ್ಯಾಲೆ ಮಚ್ಚಿ ಇದ್ದಾಕಿ ಗಂಡನ ಆಯುಷ್ಯ ಕೈಯಾಗ ಹಿಡಕೊಂಡು ಬಂದಿರ್ತಾಳ ಅಂದ್ಲು. ಹ್ವಾದ ವರ್ಷದ ಹಿಂದಿನ ವರ್ಷ ನಮ್ಮ ಮನಿಯವರಿಗೆ ಜ್ವರ ಬಂದು ಹಾಸಿಗಿ ಹಿಡಿದಿದ್ರಲ್ಲ, ಎದ್ದು ಕುಂತ ಮ್ಯಾಲೆ ನೋಡ್ತೀನಿ, ಮಚ್ಚಿ ಬೆಳದೈತಿ. ನನಗ ಖುಷಿ ಆತು ಹಾಜಿರಾ. ಆಯುಷ್ಯ ಬೆಳಿತು ಅಂದ್ಕೊಂಡೆ."

"ಆಮ್ಯಾಲೆ?"

"ಯುಗಾದಿ ಮುಂದ ಸೀರಿಗೆ ರಕ್ತ ಹತ್ತಿತ್ತು. ಅವತ್ತಿನಿಂದ ಎದಿ ಹಾರತೈತಿ. ಅವರ ಆಯುಷ್ಯ ಸೋರಾಕತ್ತೈತೇನೋ ಅನಸ್ತೈತಿ. ಯಾರ ಕಣ್ಣೂ ಬೀಳಬಾರದಂತ ಬಳಿ ಏರಿಸ್ಕೊಂಡೆ."

ಹಾಜಿರಾಬೀ ತಾನು ಯುಗಾದಿಗೂ, ಅದರ ಮುಂದೆ ಕಾರಹುಣ್ಣಿಮೆಗೂ ನಗುನಗುತ್ತ ಒಂದರ ಮೇಲೊಂದು ಏರಿಸಿದ ಬಳೆಗಳನ್ನು ನೆನೆದಳು. ಆ ನೆನಪು ಅವಳನ್ನು ಚುಚ್ಚಿತು. ಅದಕ್ಕಿಂತಲೂ ಚುಚ್ಚಿದ ನೆನಪು ಇನ್ನೊಂದಿತ್ತು. ಸಿಂಧನೂರಿನಲ್ಲಿ ಅವಳ ತಾಯಿಯ ತಂಗಿ ಮಕ್ತುಂಬೀ ಇದ್ದಳು. ಆಕೆಯ ಹಿಮ್ಮಡಿಯಲ್ಲಿ ಇಂಥದೇ ಕಪ್ಪು ಕಲೆ ಮೂಡಿತ್ತು. ಜಾಲಿಮುಳ್ಳು ಮುರಿದು ಒಳಗೆ ಉಳಿದಿದೆಯೆಂದು ಮನೆಯವರೆಲ್ಲ ಪಿನ್ನು ಹಿಡಿದು ಕೆದಕಿದ್ದೇ ಕೆದಕಿದ್ದು. ಮುಳ್ಳು ಸಿಗಲಿಲ್ಲ. ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಹಬ್ಬದಿಂದ ಹಬ್ಬಕ್ಕೆ ಹಾಜಿರಾಬೀ ಆಕೆಗೆ ಒಂದೊಂದು ಅಳತೆ ಚಿಕ್ಕ ಬಳೆ ಒಯ್ಯಬೇಕಾಯಿತು. ಕೊನೆಗೆ ಮಕ್ಕಳ ಬಳೆಯೂ ಆ ಕೈಯಿಂದ ಜಾರಿ ಬಿದ್ದಿತು.

"ದವಾಖಾನಿಗೆ ಹೋಗೋಣ ಅಕ್ಕಾ. ಲಿಂಗಸುಗೂರಾಗ ಸರಕಾರಿ ಡಾಕ್ಟರ ಬಂದಾನಂತ, ಒಳ್ಳೆ ಕೈಗುಣದಾಂವ."

"ಅಂವ ಕೊಯ್ತಾನ."

"ಕೊಯ್ದ್ರ ಕೊಯ್ಲಿ."

"ಕೊಯ್ಬೇಕಂದ್ರ ಬಳಿ ತಗಸ್ತಾನ. ಅವರು ಕಣ್ಮುಂದ ಗಟ್ಟಿಮುಟ್ಟಾಗಿ ಕುಂತಿರುವಾಗ ನಾನು ಬೋಳಗೈ ಮಾಡ್ಕೊಂಡು, ಅವರ ಆಯುಷ್ಯ ಕತ್ತರಿಸಿ ಕೊಟ್ಟು ಬರಬೇಕೇನು? ಸಾಯ್ತೀನಿ, ಆ ಕೆಲಸ ಮಾಡಾದಿಲ್ಲ. ನೀನೂ ಬಾಯಿ ಬಿಡಬ್ಯಾಡ."

ಇಷ್ಟು ಹೇಳಿ ಅವಳು ಎದ್ದು ಒಳಗೆ ಹೋದಳು. ಹಾಜಿರಾಬೀ ಮಲಾರ ಕಟ್ಟಿಕೊಳ್ಳದೆ ಹಾಗೆಯೇ ಕುಳಿತಳು. ಕೈ ಹೇಳಿದ್ದನ್ನು ಕೈಯವಳ ಅಪ್ಪಣೆಯಿಲ್ಲದೆ ಮತ್ತೊಬ್ಬರಿಗೆ ಹೇಳುವುದು ಅವಳ ವೃತ್ತಿಗೆ ಒಪ್ಪದ ಕೆಲಸ. ಆದರೆ ಮಕ್ತುಂಬೀಯ ಕೈಯಿಂದ ಜಾರಿದ ಪುಟ್ಟ ಬಳೆ ಅವಳ ಕಣ್ಣಿನಿಂದ ಜಾರಲೊಲ್ಲದು. ಕಡೆಗೆ ಎದ್ದು ಹಿತ್ತಲಿಗೆ ನಡೆದಳು.

ಲಾಲಪ್ಪ ಗಾಡಿಯ ನೊಗಕ್ಕೆ ಹೊಸ ಜೊತ್ತಿಗೆ ಕಟ್ಟುತ್ತಿದ್ದ. ಹಾಜಿರಾಬೀ ಎಲ್ಲವನ್ನೂ ಹೇಳುವವರೆಗೆ ಅವನು ಹಗ್ಗದಿಂದ ಕೈ ತೆಗೆಯಲಿಲ್ಲ.

"ಕುದುರಿ ಬಾಲದ ಕೂದಲಾ ಕಟ್ಟಿದ್ರ ತಾನ ಒಣಗಿ ಉದುರತೈತಿ ಅಂತಾರ," ಎಂದ.

"ಅದು ನರೋಲಿಗಿ ಮಾವಾ. ಇದಕ್ಕ ಕಟ್ಟಿದ್ರ ಮ್ಯಾಲಿನದು ಉದುರತೈತಿ, ಬೇರು ಒಳಗ ಇಳಿತೈತಿ. ನಮ್ಮ ಖಾಲಾನ ಕಾಲು ಕೆದಕಿ ಕೆದಕಿ ಏನಾತು ಅನ್ನೂದನ್ನ ಈ ಕಣ್ಣಿಲೆ ನೋಡೀನಿ."

ಲಾಲಪ್ಪ ಹಗ್ಗ ಬಿಟ್ಟ. ಹೆಗಲ ಮೇಲಿನ ವಸ್ತ್ರದಿಂದ ಅಂಗೈ ಒರೆಸಿಕೊಂಡ. ಮಾತು ಬೆಳೆಸುವ ಮನುಷ್ಯ ಅವನಲ್ಲ. ಸೀದಾ ಅಡಿಗೆಮನೆಯ ಬಾಗಿಲಿಗೆ ಹೋಗಿ ಹೊಸ್ತಿಲ ಮೇಲೆ ಕುಳಿತ. ಒಳಗೆ ಅಮರಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಏನ ಇವಳೇ, ನನ್ನ ಆಯುಷ್ಯ ನಿನ್ನ ಹಂತ್ಯಾಕ ಐತಂತ?"

ಅಮರಮ್ಮ ಅವನನ್ನು ನೋಡಲಿಲ್ಲ. ಅವನ ಹಿಂದೆ ನಿಂತವಳನ್ನು ನೋಡಿದಳು. "ಹೇಳಿಬಿಟ್ಟೆಲ್ಲ. ನಿನ್ನ ಬಾಯಿಗೆ ಕೀಲಿ ಐತಂತ ಊರೆಲ್ಲ ಹೇಳ್ತಾರ."

"ಐತಿ. ಇವತ್ತ ನಾನ ತಗದೀನಿ. ಬೈಯೂದಿದ್ರ ಬೈಯಿ."

"ಅಕಿನ್ನ ಯಾಕ ಬೈತಿ," ಎಂದ ಲಾಲಪ್ಪ. "ನಾನು ಹೊಲಾ ಪಾಲಿಗೆ ಕೊಟ್ಟೀನಂತ ತಿಳಿ. ಬೆಳಿಗೆ ಹುಳಾ ಬಿತ್ತು. ಪಾಲಿನಾಂವ ಹೊಲದೊಡಿಯಗ ಹೇಳಬೇಕೋ, ಸೊಪ್ಪು ಮುಚ್ಚಿ ಸುಮ್ಮನ ಕುಂಡ್ರಬೇಕೋ?"

"ಹೇಳಬೇಕು."

"ನೀ ಹೇಳಿದೇನು?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಆಯುಷ್ಯ ನಂದು ಅಂದ ಮ್ಯಾಲೆ ಅದರ ಮ್ಯಾಲೆ ಮಾತು ನಂದು ನಡಿಬೇಕು," ಎಂದು ಅವನು ಮುಂದುವರಿಸಿದ. "ನಾನು ಹೇಳಾಕತ್ತೀನಿ, ಅದನ್ನ ಡಾಕ್ಟರಗ ತೋರಸು. ನೀ ಇಲ್ಲದ ಆಯುಷ್ಯ ತಗೊಂಡು ನಾನು ಏನು ಮಾಡ್ಲಿ? ಒಬ್ಬನ ಕುಂತು ತಂಗಳರೊಟ್ಟಿ ತಿನ್ನಲೇನು?"

ಹೆಂಡತಿಯ ಎದುರು ಇಂಥ ಮಾತನ್ನು ಅವನು ಅದುವರೆಗೆ ಆಡಿದವನಲ್ಲ, ಅದೂ ಮೂರನೆಯವರ ಎದುರು. ಅಮರಮ್ಮನ ಮುಖ ಒಲೆಯ ಕಡೆ ತಿರುಗಿತು. ಅವಳು ಕೇಳಿದ್ದು ಒಂದೇ: "ಬಳಿ?"

ಹಾಜಿರಾಬೀ ಹೊಸ್ತಿಲು ದಾಟಿ ಅವಳ ಪಕ್ಕಕ್ಕೆ ಕುಳಿತಳು. "ಬಳಿ ನಾನು ತಗೀತೀನಿ. ಒಂದೂ ಹಿಗ್ಗದಂಗ ತಗೀತೀನಿ. ಇಷ್ಟು ವರ್ಷದಾಗ ನನ್ನ ಕೈಯಾಗ ತಗಿಯುವಾಗ ಒಂದಾರ ಹಿಗ್ಗ್ಯಾವೇನು?" ಬಳೆ ಒಡೆಯಿತೆಂಬ ಮಾತನ್ನು ಆ ಕಡೆ ಬಾಯಲ್ಲಿ ತರುವುದಿಲ್ಲ. ಒಡೆದರೂ ಹಿಗ್ಗಿತೆನ್ನುವುದು ಮುತ್ತೈದೆಯರ ಮರ್ಯಾದೆ.

ಮರುದಿನ ನಸುಕಿನಲ್ಲಿ ಗಾಡಿ ಹೂಡಿದರು. ಶ್ರಾವಣದ ಎರೆ ನೆಲ ಗಾಲಿಗೆ ಮುದ್ದೆಮುದ್ದೆಯಾಗಿ ಅಂಟುತ್ತಿತ್ತು. ಲಾಲಪ್ಪ ಇಳಿದಿಳಿದು ಕೋಲಿನಿಂದ ಅದನ್ನು ಕೆತ್ತಿ ತೆಗೆಯುತ್ತ ಎತ್ತುಗಳಿಗಿಂತ ಹೆಚ್ಚು ದುಡಿದ. ಗಾಡಿಯೊಳಗೆ ಅಮರಮ್ಮ ದಾರಿಯುದ್ದಕ್ಕೂ ಗೆಳತಿಯ ಮೇಲೆ ಮುನಿಸು ನಟಿಸಿದಳು. ಆದರೆ ಕುಲುಕಾಟ ಜೋರಾದಾಗಲೆಲ್ಲ ಅವಳ ತೋಳನ್ನೇ ಹಿಡಿದುಕೊಂಡಳು. ಲಿಂಗಸುಗೂರು ಮುಟ್ಟಿದಾಗ ಹೊತ್ತು ಮುಳುಗಿತ್ತು. ಆ ರಾತ್ರಿ ಛತ್ರದಲ್ಲಿ ಕಳೆದು, ಬೆಳಗಾದ ಮೇಲೆ ಹಳೆಯ ದಂಡಿನ ಪಾಳೆಯದ ಬೇವಿನ ಮರಗಳ ನಡುವೆ ಇದ್ದ ದವಾಖಾನೆಗೆ ಹೋದರು.

ಡಾಕ್ಟರ್ ಸಾಹೇಬರು ಹೈದರಾಬಾದಿನ ಕಡೆಯವರು, ತೆಳ್ಳಗಿನ ನಡುವಯಸ್ಸಿನವರು. ಅವರಿಗೆ ಉರ್ದು ಬಿಟ್ಟರೆ ಈ ಕಡೆಯ ಮಾತು ತಿಳಿಯದು. ಹೀಗಾಗಿ ಹಾಜಿರಾಬೀಯೇ ಇಬ್ಬರ ನಡುವೆ ನಾಲಿಗೆಯಾದಳು. ಅವರು ಅಮರಮ್ಮನ ಕೈಯನ್ನು ಕಿಟಕಿಯ ಬಳಿ ಹಿಡಿದು, ಬಳೆಗಳ ಸಂದಿಯಿಂದ ಇಣುಕಿ, ತಲೆ ಅಲ್ಲಾಡಿಸಿದರು. ಎಲ್ಲ ಬಳೆ ತೆಗೆಯದೆ ನೋಡಲಾಗದು ಎಂದರು. ಕಂಪೌಂಡರ್ ಮಲೀಕಸಾಬ ಅದನ್ನು ಕೇಳಿ ಒಳಗಿನಿಂದ ಕಬ್ಬಿಣದ ಇಕ್ಕಳ ತಂದ. ಇಕ್ಕಳ ಕಂಡದ್ದೇ ತಡ, ಅಮರಮ್ಮ ಬಾಗಿಲ ಕಡೆ ಹೊರಟಳು.

ಹಾಜಿರಾಬೀ ಅಡ್ಡ ನಿಂತು ಮಲೀಕಸಾಬನ ಕೈಯಿಂದ ಇಕ್ಕಳ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಭಾಯಿ, ಒಂದು ತಂಬಿಗಿ ಬೆಚ್ಚನ್ನ ನೀರು, ಒಂದು ಸಾಬೂನು ಕೊಡ್ರಿ. ಇದು ನನ್ನ ಕೆಲಸ." ಡಾಕ್ಟರು ಏನೋ ಹೇಳಹೊರಟವರು ಅವಳ ಮುಖ ನೋಡಿ, ಆಗಲಿ ಎಂದು ಕುರ್ಚಿಯಲ್ಲಿ ಕುಳಿತರು.

ವರಾಂಡದಲ್ಲಿ ಚಾಪೆ ಹಾಸಿದರು. ತಾಳಿ ಕಟ್ಟಿಸಿಕೊಂಡವಳ ಕೈ ಕ್ಷಣವಾದರೂ ಬರಿದಾಗಿರಬಾರದು. ಬಳೆ ಬದಲಿಸುವಾಗ ಒಂದನ್ನಾದರೂ ಉಳಿಸುವರು, ಇಲ್ಲವೇ ಅರಿಶಿನದ ದಾರ ಕಟ್ಟುವರು. ಹಾಜಿರಾಬೀ ದಾರ ಹುಡುಕುವಷ್ಟರಲ್ಲಿ ಲಾಲಪ್ಪ ತನ್ನ ರುಮಾಲಿನ ತುದಿಯಿಂದ ಒಂದು ಎಳೆಯನ್ನು ಸರ್ರನೆ ಎಳೆದು ಕೊಟ್ಟ. ಅಮರಮ್ಮನ ಸಂಚಿಯಲ್ಲಿದ್ದ ಅರಿಶಿನದಲ್ಲಿ ಅದನ್ನು ಅದ್ದಿ ಹಾಜಿರಾಬೀ ಅವಳ ಮೇಲ್ದೋಳಿಗೆ ಕಟ್ಟಿದಳು.

ಆಮೇಲೆ ನೊರೆ ಎಬ್ಬಿಸಿ ಕೈಗೆ ಸವರಿದಳು. ಹೆಬ್ಬೆರಳನ್ನು ಮಡಚಿ, ಗೆಣ್ಣುಗಳನ್ನು ಒಂದರ ಅಡಿ ಒಂದನ್ನು ಕೂಡಿಸಿ, ಹಸ್ತವನ್ನು ತಾವರೆಯ ಮೊಗ್ಗಿನಂತೆ ಮಾಡಿ, ಒಂದೊಂದೇ ಬಳೆಯನ್ನು ತಿರುವುತ್ತ, ಓಲಿಸುತ್ತ, ಕೆಳಗೆ ತಂದಳು. ಬಳೆ ಹೊರಬಂದಾಗಲೆಲ್ಲ ಅಮರಮ್ಮನ ಬಲಗೈಗೆ ಕೊಡುತ್ತ ಹೋದಳು. ಈಚಿನವು ಸಲೀಸಾಗಿ ಬಂದವು. ಹಳೆಯವು ಹಟ ಮಾಡಿದವು. ಅವನ್ನು ತೊಟ್ಟಂದು ಈ ಕೈ ಇಷ್ಟು ತುಂಬಿಕೊಂಡಿರಲಿಲ್ಲ. ಕೊನೆಗೆ ಉಳಿದದ್ದು ಮಾಸಿದ ಕೆಂಪು ಬಳೆಯೊಂದು. ಅದು ಗೆಣ್ಣಿನ ಮೇಲೆ ಬಂದು ನಿಂತುಬಿಟ್ಟಿತು. ನೊರೆ ಹಚ್ಚಿದಳು, ಬೆರಳು ನೀವಿದಳು, ಉಸಿರು ಬಿಡು ಎಂದಳು, ಮತ್ತೆ ಓಲಿಸಿದಳು. ಟಿಕ್ಕೆಂದು ಸಪ್ಪಳವಾಗಿ ಬಳೆ ಎರಡು ಹೋಳಾಗಿ ಚಾಪೆಯ ಮೇಲೆ ಬಿದ್ದಿತು.

ಅದೇ ಗಳಿಗೆಗೆ ಹಿಂದಿನ ಕಂಬದ ಬಳಿ ಚುರುಮುರಿ ತಿನ್ನುತ್ತ ಕುಳಿತಿದ್ದ ಲಾಲಪ್ಪ ಕೆಮ್ಮತೊಡಗಿದ. ಅಂಥಿಂಥ ಕೆಮ್ಮಲ್ಲ, ಕಣ್ಣು ಮೇಲಕ್ಕೆ ಸಿಕ್ಕುವಂಥದು. ಅಮರಮ್ಮ ಚಾಪೆಯಿಂದ ಎದ್ದವಳೇ ನೊರೆಗೈಯಿಂದಲೇ ಅವನ ಬೆನ್ನಿಗೆ ಗುದ್ದಿದಳು, ಒಮ್ಮೆಯಲ್ಲ, ಮೇಲಿಂದ ಮೇಲೆ. ಮಲೀಕಸಾಬ ನೀರು ತಂದ. ಲಾಲಪ್ಪ ಕುಡಿದು, ಕಣ್ಣು ಒರೆಸಿಕೊಂಡು, ಹೆಂಡತಿಯ ಬಿಳಿಚಿದ ಮುಖ ನೋಡಿದ.

"ಸಾಕು ಬಿಡ, ಬೆನ್ನು ಮುರಿತಿ. ಗಂಟಲಿಗೆ ಹತ್ತಿದ್ದು ಚುರುಮುರಿ, ಯಮ ಅಲ್ಲ."

"ಬಳಿ ಹಿಗ್ಗಿತ್ರೀ."

"ಹಿಗ್ಗಲಿ. ಹಿಗ್ಗಿದ ಮ್ಯಾಲೆ ನಾನು ಮಾತಾಡಾಕತ್ತೀನೋ ಇಲ್ಲೋ? ಬೋಳಗೈಲೆ ನೀ ಗುದ್ದಿದ್ದು ನನಗ ಹತ್ತಿತೋ ಇಲ್ಲೋ? ಇನ್ನ ಡಾಕ್ಟರ ಸಾಹೇಬಗ ಕೈ ಕೊಡು. ನನಗ ಹಸಿವ್ಯಾಗೈತಿ, ಚುರುಮುರಿ ಎಲ್ಲಾ ಚೆಲ್ಲಿದಿ."

ಅಮರಮ್ಮ ತನ್ನ ಬರಿಗೈಯನ್ನೂ, ಎದುರು ಕುಳಿತು ನೆಲದ ಚುರುಮುರಿ ಬಳಿಯುತ್ತಿದ್ದ ಗಂಡನನ್ನೂ ಒಂದರ ಮೇಲೊಂದು ನೋಡಿದಳು. ಎಷ್ಟೋ ತಿಂಗಳಿಂದ ಎದೆಯಲ್ಲಿ ಹೊತ್ತಿದ್ದ ಭಯದ ಗಳಿಗೆ ಬಂದು ಹೋಗಿತ್ತು, ಅವನು ಇದ್ದ. ಹಾಜಿರಾಬೀ ಮಾತ್ರ ಒಡೆದ ಹೋಳುಗಳನ್ನು ಆರಿಸಿ ಸೆರಗಿಗೆ ಕಟ್ಟಿಕೊಳ್ಳುವಾಗ ತಲೆ ಎತ್ತಲಿಲ್ಲ. ಕೊಟ್ಟ ಮಾತು ತಪ್ಪಿದ ಸಂಕಟ ಅವಳದು.

"ಮಾರಿ ಯಾಕ ಇಳಿಬಿಟ್ಟಿ?" ಎಂದಳು ಅಮರಮ್ಮ. "ಮುದುಕಿ ಆದಿ ನೀ. ಕೈಯಾಗ ಬಲ ಇಲ್ಲ. ನಡಿ, ಏನಂತಾನ ಕೇಳಿ ಹೇಳು ನನಗ."

ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಎಂದಿನಿಂದ ಬೆಳೆಯಿತು, ಕೆರೆತವಿತ್ತೇ, ತಾನಾಗಿ ರಕ್ತ ಬಂದದ್ದುಂಟೇ ಎಂದೆಲ್ಲ ಕೇಳಿದರು. ಕಂಕುಳಲ್ಲಿ ಬೆರಳಿಟ್ಟು ಗಂಟು ಹುಡುಕಿದರು. ಆಮೇಲೆ ಅವಳ ಕುತ್ತಿಗೆಯ ಮೇಲಿದ್ದ ಮತ್ತೊಂದು ಮಚ್ಚೆಯನ್ನು ತೋರಿಸಿ ಹಾಜಿರಾಬೀಗೂ ಕನ್ನಡಿ ಕೊಟ್ಟರು. ಅವಳು ಎರಡನ್ನೂ ನೋಡಿದಳು, ಅವರ ಮಾತನ್ನು ಪೂರ್ತಿ ಕೇಳಿಕೊಂಡಳು, ಬಳಿಕ ಗೆಳತಿಯ ಕಡೆ ತಿರುಗಿದಳು.

"ಕುತ್ತಿಗಿ ಮ್ಯಾಲಿಂದು ಮಚ್ಚಿ ಅಂತ ಅಕ್ಕಾ. ಗುಂಡಗ ಐತಿ, ಒಂದ ಬಣ್ಣ ಐತಿ, ಅಂಚು ನೀಟೈತಿ, ಹುಟ್ಟಿನಿಂದ ಹೆಂಗಿತ್ತೋ ಹಂಗ ಐತಿ. ಅದಕ್ಕ ಅಂಜೂ ಕಾರಣಿಲ್ಲ. ಕೈ ಮ್ಯಾಲಿಂದು ಮಚ್ಚಿಯಾಗಿ ಉಳಿದಿಲ್ಲ ಅಂತಾರ. ಬಣ್ಣ ಎರಡಾಗ್ಯಾವ, ಅಂಚು ಹರದೈತಿ, ಬೆಳಿತೈತಿ, ರಕ್ತ ಬಿಡ್ತೈತಿ. ಸುತ್ತಲಿನ ಒಳ್ಳೆ ತೊಗಲಾನೂ ಹಿಡದು ತಗೀಬೇಕಂತ."

"ಬದುಕ್ತೀನೇನು ಕೇಳು."

ಹಾಜಿರಾಬೀ ಕೇಳಿದಳು. ಡಾಕ್ಟರು ಕನ್ನಡಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಉತ್ತರಿಸಿದರು. ಸುಳ್ಳು ಸೇರಿಸಿ ಹೇಳಲು ಅವಳಿಗೆ ಮನಸ್ಸಾಗದೆ ಇರಲಿಲ್ಲ, ಆದರೂ ಸೇರಿಸಲಿಲ್ಲ. "ದೇವರಂಗ ಹೇಳಾಕ ಬರಾದಿಲ್ಲ ಅಂತಾರ. ಕಂಕುಳಾಗ ಗಂಟಿಲ್ಲ, ಅದು ಒಳ್ಳೆದಂತ. ಹೊತ್ತಿಗೆ ಬಂದೀರಿ ಅಂತಾರ. ಆದ್ರ ಇವತ್ತಿಗೆ ಮುಗಿಯೂದಿಲ್ಲ. ಮ್ಯಾಲಿಂದ ಮ್ಯಾಲೆ ಬಂದು ತೋರಸಬೇಕು. ಮನ್ಯಾಗೂ ತಿಂಗಳಿಗೊಮ್ಮೆ ಬಿಸಿಲಿಗೆ ನಿಂತು ತಲಿಯಿಂದ ಅಂಗಾಲತನಕ ಮೈ ನೋಡಬೇಕು. ತನಗ ಕಾಣದ ಜಾಗಾ ಇನ್ನೊಬ್ರು ನೋಡಬೇಕು. ಯಾವ ಮಚ್ಚಿ ತನ್ನ ರೂಪ ಬಿಡ್ತೈತೋ ಅದನ್ನ ಮುಚ್ಚಿಡಬಾರದು."

ಅಮರಮ್ಮ ಕೈ ಚಾಚಿದಳು. ಸೂಜಿ ಚುಚ್ಚಿ ಜೋಮು ಹಿಡಿಸಿದರು. ಕೊಯ್ಯುವಷ್ಟು ಹೊತ್ತೂ ಹಾಜಿರಾಬೀ ಅವಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಳೆ ತೊಡಿಸುವವಳಂತೆ, ಒಂದೊಂದೇ ಗೆಣ್ಣು ಅಮುಕುತ್ತ ಕುಳಿತಳು. ಕೆಲಸ ಮುಗಿದ ಮೇಲೆ ಅಮರಮ್ಮ ಮಲೀಕಸಾಬನ ಕೈಯಲ್ಲಿದ್ದ ಪಿಂಗಾಣಿ ಬಟ್ಟಲಿನೊಳಗೆ ಇಣುಕಿದಳು. ಕೊಯ್ದು ತೆಗೆದದ್ದನ್ನು ತನಗೆ ಕೊಡುವರೇನು ಎಂದು ಕೇಳಿದಳು.

"ಕೊಟ್ರ ಏನು ಮಾಡ್ತಿ?" ಎಂದ ಲಾಲಪ್ಪ. "ದೇವರ ಜಗಲಿ ಮ್ಯಾಲೆ ಇಟ್ಟು ಊದಿನಕಡ್ಡಿ ಬೆಳಗ್ತೀಯೇನು? ಬಿಟ್ಟು ಬಾ."

ಗಾಯ ಮಾಯಲು ಭಾದ್ರಪದ ಹಿಡಿಯಿತು. ಹೊಲಿಗೆ ಬಿಚ್ಚಿಸಲು ಒಮ್ಮೆ, ಕಂಕುಳು ತೋರಿಸಲು ಇನ್ನೊಮ್ಮೆ ಗಾಡಿ ಲಿಂಗಸುಗೂರಿಗೆ ಹೋಗಿ ಬಂತು. ಎರಡು ಸಲವೂ ಡಾಕ್ಟರ ಮುಖ ಗೆಲುವಾಗಿಯೇ ಇತ್ತು. ದೀಪಾವಳಿ ಬಂದಾಗ ಹಾಜಿರಾಬೀ ಮತ್ತೆ ಆ ಪಡಸಾಲೆಯಲ್ಲಿ ಮಲಾರ ಇಳಿಸಿದಳು. ಎಡಗೈಗೆ ಹಸಿರು ಬಳೆ ಏರಿಸಿ, ಗಾಯದ ಗುರುತು ಇನ್ನೂ ಮೂರು ಬೆರಳು ದೂರವಿರುವಾಗಲೇ ಮಲಾರದ ಗಂಟು ಕಟ್ಟತೊಡಗಿದಳು.

"ಇದೇನು, ಇಷ್ಟಕ್ಕ ಬಿಟ್ಟಿ? ಇನ್ನೂ ಏರಸು. ಆ ಗುರುತು ಅಸಹ್ಯ ಕಾಣತೈತಿ."

"ಕಾಣಲಿ. ಕಾಣಲಂತನ ಬಿಟ್ಟೀನಿ. ಇದರ ಮ್ಯಾಲೆ ಒಂದು ಬಳಿನೂ ನಾನು ಇಡಾದಿಲ್ಲ."

"ನಿನ್ನಂಥ ಬಳಿಗಾರ್ತಿ ಎಲ್ಲ್ಯರ ಇದ್ದಾಳೇನು? ಬೇಡಿದ್ರೂ ಕೊಡಾದಿಲ್ಲಂದ್ರ."

"ಸಿಂಧನೂರಾಗ ಬ್ಯಾರೆದವ್ರು ಅದಾರ, ಹೋಗು. ಮೊದಲ ಎದ್ದು ಬಿಸಿಲಿಗೆ ಬಾ. ತಿಂಗಳಾತು."

ಹಿತ್ತಲ ಕೋಣೆಯ ಕಿಂಡಿಯಿಂದ ಬಿಸಿಲು ನೇರವಾಗಿ ಬೀಳುವ ಜಾಗವೊಂದಿತ್ತು. ಅಲ್ಲಿ ಅಮರಮ್ಮನನ್ನು ನಿಲ್ಲಿಸಿ ಹಾಜಿರಾಬೀ ಅವಳ ಕುತ್ತಿಗೆ, ಬೆನ್ನು, ಮೊಳಕಾಲಿನ ಹಿಂಭಾಗ, ಅಂಗಾಲು, ಬೆರಳ ಸಂದಿ ಎಲ್ಲವನ್ನೂ ಹುಡುಕಿ ನೋಡಿದಳು. ಎಲ್ಲ ಮಚ್ಚೆಗಳೂ ತಮ್ಮ ತಮ್ಮ ಜಾಗದಲ್ಲಿ ಎಂದಿನಂತೆಯೇ ಇದ್ದವು. ಅಮರಮ್ಮ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದವಳು ಏನನ್ನೋ ನೆನೆದಂತೆ ನಿಂತಳು.

"ನಿಂದು ಯಾರು ನೋಡ್ತಾರ?"

"ನಂದೇನು?"

"ಬೆನ್ನು."

ಹಾಜಿರಾಬೀ ನಕ್ಕಳು. "ಅದನ್ನ ನೋಡಾಂವ ಖಬರಸ್ತಾನದಾಗ ಮಲಗಿ ಎಷ್ಟು ವರ್ಷಾತು. ನನಗ ಯಾಕ ಬೇಕದು."

"ಡಾಕ್ಟರ ಹೇಳಿದ್ದು ನನಗೊಬ್ಬಾಕಿಗೆ ಏನು? ಈ ಕಡೆ ಬಾ."

ಹಾಜಿರಾಬೀ ಬೇಡವೆಂದಳು, ಹೊತ್ತಾಯಿತೆಂದಳು, ಸಾಲಗುಂದದವರು ಕಾಯುತ್ತಿದ್ದಾರೆಂದಳು. ಅಮರಮ್ಮ ಹಿತ್ತಲ ಕಡೆ ಮುಖ ಮಾಡಿ, ಕರೆಯುವತನಕ ಒಳಗೆ ಬರಬೇಡಿರೆಂದು ಗಂಡನಿಗೆ ಕೂಗಿ ಹೇಳಿ, ಕದ ಮುಂದಕ್ಕೆ ಎಳೆದಳು. ಆ ಮೇಲೆ ಹಾಜಿರಾಬೀ ವ್ಯರ್ಥ ಹಟ ಮಾಡಲಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ನಿಂತಳು. ಊರೂರಿನ ಕೈಗಳನ್ನು ಹಿಡಿದವಳ ಮೈಯನ್ನು ಹೀಗೆ ಒಬ್ಬರು ಕಾಳಜಿಯಿಂದ ನೋಡಿ ಎಷ್ಟು ಕಾಲವಾಗಿತ್ತೆಂಬುದು ಅವಳಿಗೆ ಕೂಡಲೇ ನೆನಪಿಗೆ ಬರಲಿಲ್ಲ. ಕುತ್ತಿಗೆಯಿಂದ ಹೊರಟ ಬೆರಳು ಬೆನ್ನಿನ ಎಡಭಾಗಕ್ಕೆ ಬಂದು ನಿಂತಿತು.

"ಒಂದೈತಿ."

ಹಾಜಿರಾಬೀ ತಲೆ ಹಿಂದಕ್ಕೆ ತಿರುಗಿಸಿದಳು. ಅಲ್ಲೊಂದು ಮಚ್ಚೆ ಇರುವುದು ಅವಳಿಗೇ ಗೊತ್ತಿರಲಿಲ್ಲ. "ಹೆಂಗೈತಿ?"

"ತಡಿ, ನೋಡಾಕ ಬಿಡು." ಅಮರಮ್ಮ ಬಾಗಿ ನೋಡಿದಳು, ಬೆರಳಿನಿಂದ ತೊಗಲನ್ನು ಅಗಲಿಸಿ ನೋಡಿದಳು, ಅವಸರ ಮಾಡದೆ ಹೇಳಿದಳು. "ಗುಂಡಗ ಐತಿ. ಒಂದ ಬಣ್ಣ. ಎಳ್ಳಿನಕಿಂತ ದೊಡ್ಡದಿಲ್ಲ. ಚಂದೈತಿ ಬೇ."

ಹೊರಗಿನಿಂದ ಲಾಲಪ್ಪನ ದನಿ ಬಂತು: "ಮುಗಿತೇನ್ರಿ ನಿಮ್ಮ ದವಾಖಾನಿ? ನನ್ನ ರುಮಾಲು ಒಳಗೈತಿ."

"ಇಲ್ಲ, ಇನ್ನೂ ಹೊತ್ತೈತಿ," ಎಂದಳು ಅಮರಮ್ಮ. ಗೆಳತಿಯ ಭುಜ ಹಿಡಿದು, ಬಿಸಿಲು ಸರಿದ ಕಡೆಗೆ ಅವಳನ್ನೂ ತುಸು ಸರಿಸಿ ನಿಲ್ಲಿಸಿ, ಕುತ್ತಿಗೆಯಿಂದ ಮತ್ತೆ ನೋಡುತ್ತ ಬಂದಳು.